ಹತ್ತು ರೂಪಾಯಿ ಸಾಕ್ಷಿ

ಮೊಯಿದು, ಮೊಯಿದು, ಮೊಯಿದೂ…
ಮೂರು ಸಲ ಕೂಗಿದ ದಲಾಯತ.
ಮೂರನೆಯದಕ್ಕೆ ಎದ್ದೆ.
ಮಾಲ್ದಾರೆ ದಾರಿಯ ಕೆಮ್ಮಣ್ಣು ಇನ್ನೂ ಚಪ್ಪಲಿಯಲ್ಲಿ;
ಹೊರಗೆ ಬಿಡಬೇಕೋ ಏನೋ ಗೊತ್ತಾಗದೆ
ಒಂದನ್ನು ಬಿಟ್ಟು, ಇನ್ನೊಂದು ಮೆಟ್ಟಿಕೊಂಡೇ ನಿಂತೆ.

ವಿರಾಜಪೇಟೆ ಕೋರ್ಟಿನ ಕಿಟಕಿಯಾಚೆ
ಯಾರದೋ ಸ್ಕೂಟರು ಸ್ಟಾರ್ಟಾಗದೆ ಕೆಮ್ಮುತ್ತಿತ್ತು.
ಗುಮಾಸ್ತ ಓದಿದ:
ಸಾಮಾನು ಸಾಗಿಸುವ ಗಾಡಿಯಲ್ಲಿ ಹದಿನಾಲ್ಕು ಜನ,
ಸಂಜೆ ಆರೂ ಹತ್ತು, ಸಿದ್ದಾಪುರ ಠಾಣೆ ಸರಹದ್ದು.
ತಪ್ಪು ಒಪ್ಪುತ್ತೀರಾ?

ನನಗಿಂತ ಮುಂದಿದ್ದವರೆಲ್ಲ ಒಪ್ಪಿದ್ದರು,
ಹೆಲ್ಮೆಟ್ಟಿಲ್ಲದ ಹುಡುಗ, ಇನ್ಶೂರೆನ್ಸ್ ಮುಗಿದ ಮೇಷ್ಟ್ರು.
ಹೂಂ ಅನ್ನು, ಕಟ್ಟು, ಬಸ್ಸು ಹಿಡಿ.
ರೇಷನ್ ಅಂಗಡಿಯಂತೆ ಸಲೀಸಾಗಿ ಸಾಗಿತ್ತು ಸಾಲು.
ನಾನು ಇಲ್ಲ ಅಂದೆ.
ಸಾಲು ನಿಂತಿತು. ಹಿಂದೆ ಯಾರೋ ಗೊಣಗಿದರು.

ವಕೀಲೆ ಪೊನ್ನವ್ವ ಮೊದಲೇ ಹೇಳಿದ್ದರು:
'ಇಲ್ಲಿ ಗೆದ್ದರೂ ಮಡಿಕೇರಿಯಲ್ಲಿ ಇನ್ನೊಂದು ಬಾಗಿಲಿದೆ ಮೊಯಿದು.
ದಂಡ ಈ ಮನೆಯದು, ಲೈಸೆನ್ಸು ಆ ಮನೆಯದು.
ಆರ್‌ಟಿಓ ನೋಟಿಸಿಗೆ ಉತ್ತರ ಬರೆದೆಯಾ?'

ಬರೆದಿದ್ದೆ. ಎರಡು ಪುಟ.
ತೋಟದಿಂದ ಲೈನ್ ಮನೆಗೆ ಮೂರು ಮೈಲಿ,
ಅದೇ ತಿರುವಿನಲ್ಲಿ ಹೋದ ವರ್ಷ
ಬೊಳ್ಕನನ್ನು ಆನೆ ತುಳಿದದ್ದು,
ಅವನ ಬುತ್ತಿ ಡಬ್ಬ ಮಾತ್ರ
ಒಂದು ತಗ್ಗೂ ಬೀಳದೆ ಸಿಕ್ಕಿದ್ದು.
ಫಾರಮಿನಲ್ಲಿ ವೇಗಕ್ಕೆ ಕಾಲಂ ಇತ್ತು,
ಕುಡಿತಕ್ಕೆ, ಮೊಬೈಲಿಗೆ, ಕೆಂಪು ದೀಪಕ್ಕೆ ಇತ್ತು
(ನಮ್ಮ ದಾರಿಯಲ್ಲಿ ದೀಪವೇ ಇಲ್ಲ, ಕೆಂಪು ಎಲ್ಲಿಂದ).
ಆನೆಯನ್ನು 'ಇತರೆ'ಯಲ್ಲಿ ತುಂಬಿದೆ.
ಜಾಗ ಸಾಲದೆ ಬಾಲ ಮಾರ್ಜಿನ್ನಿಗೆ ಬಂತು.

ಮೂರನೇ ವಾಯಿದೆಗೆ ಪಾಲಿ ಬಂದಳು,
ಗಾಡಿಯ ಹಿಂದೆ ಕೂತಿದ್ದವಳು, ಬೊಳ್ಕನ ತಂಗಿ,
ಒಂದು ದಿನದ ಕೂಲಿ ಬಿಟ್ಟು.
ನಾನೇ ಹೇಳಿಕೊಟ್ಟಿದ್ದೆ:
ಪುಕ್ಕಟೆ ಕರೆದೊಯ್ಯುತ್ತಾನೆ ಅನ್ನು, ಧರ್ಮಕ್ಕೆ ಅನ್ನು.
ಸರಕಾರಿ ವಕೀಲರು ಕೇಳಿದರು, ದುಡ್ಡು ಕೊಟ್ಟೆಯಾ?
ಅವಳು ನನ್ನ ಕಡೆ ನೋಡಲಿಲ್ಲ.
'ಸತ್ಯವನ್ನೇ ಹೇಳ್ತೀನಿ ಅಂತ ಈಗ ತಾನೆ ಹೇಳಿಸಿದ್ರಲ್ಲ.
ತಲೆಗೆ ಹತ್ತು ಕೊಡ್ತೀವಿ.
ಅವತ್ತು ಇಪ್ಪತ್ತರ ನೋಟು ಕೊಟ್ಟೆ,
ಚಿಲ್ಲರೆ ಇನ್ನೂ ಬರಬೇಕು.'

ಕೋರ್ಟು ನಕ್ಕಿತು. ನನ್ನನ್ನು ಹಿಡಿದ ಪೊಲೀಸಪ್ಪನೂ ನಕ್ಕ.
ನಾನೂ ನಕ್ಕೆ, ಕಿವಿ ಕಾದಿತ್ತು.
ಡೀಸೆಲ್ಲಿಗೆ ಸ್ವಾಮೀ, ಅನ್ನಬೇಕೆಂದಿದ್ದೆ;
ಹದಿನಾಲ್ಕು ಹತ್ತಲಿ ಎಷ್ಟು ಅಂತ
ಅಲ್ಲಿದ್ದವರಿಗೆಲ್ಲ ಮಗ್ಗಿ ಬರುತ್ತಿತ್ತು.

ಪೊನ್ನವ್ವ ಎದ್ದು ಒಂದೇ ಒಂದು ಕೇಳಿದರು:
'ದುಡ್ಡು ಕೊಟ್ಟು ಯಾಕಮ್ಮ ಹತ್ತುತ್ತಿದ್ದೆ? ನಡೆಯಬಹುದಿತ್ತಲ್ಲ.'
'ನಡೆದರೆ ಹತ್ತು ಉಳಿಯತ್ತೆ,
ನಾನು ಉಳಿಯಲ್ಲ.'
ಇದನ್ನು ಟೈಪು ಮಾಡಿದರೋ ಇಲ್ಲವೋ ತಿಳಿಯದು.
ಸ್ಕೂಟರು ಮಾತ್ರ ಆಗ ಸ್ಟಾರ್ಟಾಯಿತು.

ದಂಡ ಬಿತ್ತು.
ಲೈಸೆನ್ಸು ಮೂರು ತಿಂಗಳು ಮಡಿಕೇರಿಯ ಯಾವುದೋ ಖಾನೆಯಲ್ಲಿ,
ಮೀಸೆ ಇದ್ದ ಕಾಲದ ನನ್ನ ಫೋಟೋದ ಸಮೇತ.
ಆದೇಶದಲ್ಲಿ ಒಂದು ಸಾಲು: ಪರಿಸ್ಥಿತಿಯನ್ನು ಗಮನಿಸಲಾಗಿದೆ.
ಅದನ್ನು ಅಳಿಯನ ಕೈಲಿ ಮತ್ತೆ ಮತ್ತೆ ಓದಿಸಿದೆ.
ಗಮನಿಸಿದ್ದು ಆನೆಯನ್ನೋ ಹತ್ತು ರೂಪಾಯಿಯನ್ನೋ,
ಅವನಿಗೂ ಹೊಳೆಯಲಿಲ್ಲ.
ಅಪೀಲು ಹೋಗಬಹುದು ಅಂದರು ಪೊನ್ನವ್ವ.
ನೋಡುವ ಅಂದೆ.

ಈಗ ಸಂಜೆ ಆರೂ ಹತ್ತಕ್ಕೆ
ಟಾರ್ಚು ಹಿಡಿದು ಅವರ ಜೊತೆ ನಾನೂ ನಡೆಯುತ್ತೇನೆ.
ಯಾರೂ ಕರೆದದ್ದಲ್ಲ, ಬೇಡ ಅಂದದ್ದೂ ಅಲ್ಲ.
ಮುಂದೆ ಪಾಲಿ, ಅಣ್ಣನ ಬುತ್ತಿ ಡಬ್ಬ ಬಡಿಯುತ್ತ.
ಇವತ್ತು ತಿರುವಿನಲ್ಲಿ ಲದ್ದಿ,
ಇನ್ನೂ ಹಬೆಯಾಡುತ್ತಿತ್ತು.
ನಿಂತೆವು. ಡಬ್ಬ ನಿಂತಿತು.

ಹಿಂದಿನಿಂದ ಬೆಳಕು, ಯಾರದೋ ಪಿಕಪ್ಪು.
ಬ್ರೇಕು ಹಾಕಿ ಕತ್ತು ಹೊರಹಾಕಿದ ಹೊಸ ಹುಡುಗ,
ಹಿಂದೆ ಖಾಲಿ.
ಎಲ್ಲರೂ ನನ್ನ ಮುಖ ನೋಡಿದರು,
ಕಾನೂನು ಬಲ್ಲವನು ನಾನೊಬ್ಬನೇ ಅನ್ನುವಂತೆ.

ಜೇಬಿಗೆ ಕೈ ಹಾಕಿ ನೋಡಿಕೊಂಡೆ.
ಹತ್ತರ ನೋಟೊಂದಿತ್ತು,
ಪಾಲಿಯದು.