ಒಂದೇ ಮೊರ

ಮುನ್ನೂರ ಹನ್ನೆರಡು ಪರೀಕ್ಷೆ. ಮುನ್ನೂರ ಹನ್ನೊಂದು ಹಸಿರು.
ತೇವಾಂಶದ್ದೊಂದು ಮಾತ್ರ ಕೆಂಪು,
ಅದೂ ದಿನಾ ಅಲ್ಲ, ಮನಸ್ಸು ಬಂದಾಗ.

ಕುಶಾಲನಗರದ ಕ್ಯೂರಿಂಗ್ ವರ್ಕ್ಸು, ತೂಕದ ಕೋಣೆಯ ಮೂಲೆ;
ಹೊರಗೆ ಲಾರಿ, ಉತ್ತಯ್ಯನ ಹಾರ್ನು.
ಹೊಸ ಬಿಲ್ಡ್ ಇಳಿಯದೆ ಗೇಟ್ ಪಾಸು ಹುಟ್ಟದು.

ಒಂದು ಸಾಲು ಸಾಕು ನನಗೆ: ಪರೀಕ್ಷೆ ಬಿಟ್ಟು ಕಟ್ಟು.
ಹೋದ ತಿಂಗಳು ಹಾಗೇ ಬರೆದೆ, ಅಳಿಸಲು ಮರೆತೆ.
ಹದಿನಾರು ದಿನ ಎಲ್ಲವೂ ಹಸಿರು,
ಯಾರೂ ಏನೂ ಕೇಳಿರಲೇ ಇಲ್ಲವಲ್ಲ.

ಕಿಟಕಿಯಾಚೆ ಕಾಫಿ ಬೇಳೆ ಆರಿಸುವ ಐಸಮ್ಮ
ಒಂದನ್ನು ಹಲ್ಲಿಗೆ ಕೊಟ್ಟು, ಉಗಿದು, "ಹಸಿ" ಅಂದಳು.
ಪಕ್ಕದವಳ ಕೈ ತನ್ನ ಮೊರಕ್ಕೆ ಬಂದದ್ದೇ
ಸರಕ್ಕನೆ ಎಳೆದುಕೊಂಡಳು:
"ಒಂದು ಮೊರಕ್ಕೆ ನಾಲ್ಕು ಜನ ಕೈ ಹಾಕಿದರೆ
ಕಪ್ಪು ಬೇಳೆ ಬಿಟ್ಟದ್ದು ಯಾರು ಅಂತ ಹೇಳ್ತೀ?"

ಪರದೆಗೆ ತಿರುಗಿದೆ. ಏಕಕಾಲಕ್ಕೆ: ನಾಲ್ಕು.
ನಾಲ್ಕೂ ಒಂದೇ ಕೋಷ್ಟಕವನ್ನು
ಒರೆಸಿ ಒರೆಸಿ ಬರೆಯುತ್ತಿದ್ದವು.

ನಾಲ್ಕನ್ನು ಒಂದು ಮಾಡಿದೆ.
ಮೂರು ನಿಮಿಷದ್ದು ಹನ್ನೊಂದಾಯಿತು.
ಉತ್ತಯ್ಯ ಹಾರ್ನು ಬಿಟ್ಟು ಚಾ ಕುಡಿಯಲು ಹೋದ.

ಇನ್ನೂರ ಐದು, ಇನ್ನೂರ ಆರು...
ತೇವಾಂಶದ ಸರದಿ ಕೊನೆಗೆ.
ನಾಲಗೆಯಲ್ಲಿ ಯಾಕೋ, ಕಚ್ಚದ ಬೇಳೆಯ ಒಗರು.