ದೀಪ ಇಡುವ ಜಾಗ

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ.
ತೊಡೆಯ ಹಿಂಬದಿಗೆ ಎರಡು ಬೇಕು,
ಒಂದನ್ನು ಹಿಡಿಯಲು ಇನ್ನೊಬ್ಬರ ಕೈ ಬೇಕು.
ಆ ಕೈ ನನ್ನದು.
ಸಾಂತೊಸ್ ಬಂದರಿನ ಹಿಂದೆ, ಟ್ರಾಮ್ ತಿರುಗುವಲ್ಲಿ,
ಬೇಕರಿಯ ಮೇಲಿನ ಮಹಡಿಯಲ್ಲಿ
ಹನ್ನೊಂದು ವರ್ಷದಿಂದ ಹಿಡಿದಿದ್ದೇನೆ.

ನವೆಂಬರ್ ಬಂತೆಂದರೆ ಪುರುಸೊತ್ತಿಲ್ಲ.
ಬೇಸಿಗೆಗೆ ಇನ್ನು ಆರೇ ವಾರ ಅನ್ನುತ್ತ
ಮೆಟ್ಟಿಲು ಹತ್ತುತ್ತಾರೆ: ಬ್ಯಾಂಕಿನವರು, ಟೀಚರು,
ಕಂಟೇನರ್ ಎಣಿಸುವ ಗುಮಾಸ್ತೆ,
ಹೋದ ವಾರ ಮದುವೆ ಮುರಿದುಕೊಂಡ ದಂತವೈದ್ಯೆ.
ಇಲ್ಲಿಯವರು ಅದನ್ನು ಕಿತ್ತಳೆ ಸಿಪ್ಪೆ ಅಂತಾರೆ.
ಹೇಳುವಾಗ ದನಿ ತಗ್ಗುತ್ತದೆ,
ಸಾಲ ಕೇಳುವವರ ಹಾಗೆ.

ಏನೇನು ಬಳಿದಿದ್ದೇನೆ ಕೇಳಬೇಡಿ:
ಕಡಲ ಪಾಚಿ, ಜೇಡಿ, ಒಂದೆಲಗದ ರಸ.
ಅಡುಗೆಮನೆಯ ಪ್ಲಾಸ್ಟಿಕ್ ಸುತ್ತಿ ಅರ್ಧ ತಾಸು ಬೆವರಿಸಿದ್ದೇನೆ.
ಗಾಳಿ ಹೀರುವ ಬಟ್ಟಲಿಟ್ಟು ಎಳೆದರೆ
ಬೆಕ್ಕಿನ ಮರಿಯ ಕತ್ತಿನಂತೆ ಚರ್ಮ ಎದ್ದು ಬರುತ್ತದೆ,
ಬಿಟ್ಟರೆ ತಾಯಿ ಕೂರಿಸಿದಲ್ಲಿಗೇ ಹೋಗಿ ಕೂರುತ್ತದೆ.

ಕೊನೆಗೆ ಕಾಫಿ ಚರಟ. ಬೇಕರಿಯವನು ಬಿಟ್ಟಿ ಕೊಡುತ್ತಾನೆ,
ಇನ್ನೂ ಬೆಚ್ಚಗಿರುತ್ತದೆ. ಎಣ್ಣೆ ಕಲಸಿ ತಿಕ್ಕುತ್ತೇನೆ
ಮಂಡಿಯಿಂದ ಮೇಲಕ್ಕೆ, ಯಾವಾಗಲೂ ಮೇಲಕ್ಕೆ.
ನನ್ನ ತಾತ ಇದೇ ಊರಲ್ಲಿ ಕಾಫಿ ಮೂಟೆ ಹೊತ್ತವನು,
ಅರವತ್ತು ಕಿಲೋ, ಒಂದೊಂದು ಸಲ ಎರಡು.
ಅವನ ಬೆನ್ನಿಗಂಟಿದ ವಾಸನೆ ನನ್ನ ಉಗುರಿಗೆ ಬಂದಿದೆ.
ಇದ್ದಿದ್ದರೆ ನಗುತ್ತಿದ್ದ: ಕುಡಿದು ಬಿಟ್ಟದ್ದಕ್ಕೂ ದುಡ್ಡೇ?

ತಿಕ್ಕಿದರೆ ಕೆಂಪಾಗುತ್ತದೆ. ಕೆಂಪಾದದ್ದು ಕೊಂಚ ಊದುತ್ತದೆ,
ಊದಿದಾಗ ಕುಳಿ ತುಂಬಿದಂತೆ ಕಾಣುತ್ತದೆ.
ಮರುದಿನ ಬೆಳಿಗ್ಗೆ ಮತ್ತೆ ಅದೇ.
ನನಗೆ ಗೊತ್ತು. ಯಜಮಾನ ವಾಲ್ದೆಸಿರ್‌ಗೂ ಗೊತ್ತು.
ಅವನ ಕಸುಬೆಲ್ಲ ಒಂದು ದೀಪದಲ್ಲಿದೆ:
'ಮೊದಲು' ಫೋಟೊಗೆ ಪಕ್ಕದಲ್ಲಿಡು, ಓರೆಯಾಗಿ;
'ಆಮೇಲೆ' ಫೋಟೊಗೆ ನೇರ, ಎದುರಿಗೆ.
ನಡುವೆ ಹತ್ತು ಸಿಟ್ಟಿಂಗು, ಹನ್ನೆರಡು ಕಂತು.
ದೀಪ ನಡೆಯುವುದು ಎರಡೇ ಹೆಜ್ಜೆ.

ಗುಮಾಸ್ತೆ ಜುರೇಮಾ ಬಸ್ಸು ಬಿಟ್ಟು ನಡೆದು ಬರುತ್ತಿದ್ದಳು.
ವ್ಯಾಯಾಮಕ್ಕೆ ಅಂದುಕೊಂಡಿದ್ದೆ.
ಕಂತಿನ ದುಡ್ಡಿಗೆ ಅಂತ ಏಳನೆಯ ಸಿಟ್ಟಿಂಗಿನಲ್ಲಿ ತಿಳಿಯಿತು.
ಹತ್ತನೆಯ ದಿನ ನಾನು ದೀಪ ಸರಿಸಲಿಲ್ಲ.
ಧೈರ್ಯವೇನಲ್ಲ. ಸೊಂಟ ನೋಯುತ್ತಿತ್ತು;
ಮರೆತೆ ಅಂತಲೂ ಹೇಳಬಹುದು.

ಎರಡೂ ಪಟ ಪಕ್ಕಪಕ್ಕ. ಒಂದೇ.
ಅವಳು ತುಂಬ ಹೊತ್ತು ನೋಡಿದಳು.
"ಇದು ಮೊದಲಿನದೊ, ಆಮೇಲಿನದೊ?"
ನನಗೂ ತಿಳಿಯಲಿಲ್ಲ, ತಾರೀಖು ನೋಡಿ ಹೇಳಿದೆ.
ಬೈಯುತ್ತಾಳೆಂದು ಕಾದೆ.
ಬಗ್ಗಿ ಚಪ್ಪಲಿಯ ಪಟ್ಟಿ ಬಿಗಿಯುತ್ತ ಅಂದಳು:
"ನಮ್ಮಮ್ಮನ ತೊಡೆ ಇದು.
ಮೀನು ಕೊಯ್ಯುವಾಗ ಸ್ಕರ್ಟು ಎತ್ತಿ ಕಟ್ಟುತ್ತಿದ್ದಳು.
ಆ ಕುಳಿಗಳಿಗೆ ಬೆರಳಿಟ್ಟೇ ನಾನು ಎಣಿಕೆ ಕಲಿತದ್ದು."
ಇಷ್ಟು ಹೇಳಿ, ಉಳಿದೆರಡು ಕಂತು ಕಟ್ಟುವುದಿಲ್ಲ ಅಂದಳು.
ವಾಲ್ದೆಸಿರ್ ಅದನ್ನು ನನ್ನ ಸಂಬಳದಲ್ಲಿ ಹಿಡಿದ.

ಭಾನುವಾರ ಕಡಲದಂಡೆಗೆ ಹೋಗಿದ್ದೆ.
ನಡುಮಧ್ಯಾಹ್ನ, ಸೂರ್ಯ ನೆತ್ತಿಯ ಮೇಲೆ,
ಬೋರಲು ಮಲಗಿದ ಸಾವಿರ ತೊಡೆಗಳೂ ನುಣುಪು:
ವಾಲ್ದೆಸಿರ್ ದೀಪ ಇಡುವ ಜಾಗದಲ್ಲೇ ಇತ್ತು ಬಿಸಿಲು.
ಐದರ ಹೊತ್ತಿಗೆ ಗುಡ್ಡದ ಕಡೆ ವಾಲಿತು, ಓರೆಯಾಗಿ.
ನೆರಳು ಏಳತೊಡಗಿತು
ಮರಳಿನ ಅಲೆಗೆರೆಗೆ, ಹೆಜ್ಜೆಯ ಗುರುತಿಗೆ,
ದಂತವೈದ್ಯೆಗೆ, ನನಗೆ,
ಚೆಂಡಾಡಿ ದಣಿದು ಮಲಗಿದ ಹದಿನೇಳರ ಹುಡುಗಿಗೂ.

ಯಾರೂ ಟವೆಲು ಎಳೆದುಕೊಳ್ಳಲಿಲ್ಲ ಅಂದರೆ ಸುಳ್ಳಾದೀತು.
ಕೆಲವರು ಎಳೆದುಕೊಂಡರು.
ಜುರೇಮಾ ಎದ್ದು ಜೋಳ ಮಾರುವವನ ಹತ್ತಿರ ಹೋದಳು.
ಬೆಣ್ಣೆ ಜಾಸ್ತಿ ಹಾಕು ಅಂದದ್ದು
ನನ್ನವರೆಗೂ ಕೇಳಿಸಿತು.