ತಲೆಗೆ ನೀರು

ಮುದಗಲ್ಲಿನಿಂದ ಬೆಳಗಿನ ಬಸ್ಸು.
ಸಿಂಧನೂರಿನಾಚೆ, ಕಾಲುವೆಯ ಏರಿ ಮೇಲೆ
ಸಿಸ್ಟರ್ ಇನ್ನಾಸಮ್ಮ, ನನ್ನ ಚಿಕ್ಕವ್ವ,
ಬಿಳಿ ಸೀರೆಯ ನೆರಿಗೆ ಎತ್ತಿ ಹಿಡಿದು ಇಳಿದಳು.
ಹಿಂದೆ ನಾನು, ಹನ್ನೊಂದು ವರ್ಷದವಳು, ಡಬ್ಬಿ ಹೊತ್ತವಳು.
ಡಬ್ಬಿಯಲ್ಲಿ ಬೇವಿನೆಣ್ಣೆ, ಸೀಗೆಪುಡಿ, ಹದಿನಾಲ್ಕು ಬಾಚಣಿಗೆ.
ಅವಳ ಹೆಗಲ ಚೀಲದಲ್ಲಿ ಶುಭಸಂದೇಶದ ಪುಸ್ತಕ.

ಯುದ್ಧ ಮುಗಿಯಿತೆಂದು ರೇಡಿಯೋ ಹೇಳಿ ತಿಂಗಳುಗಳಾಗಿದ್ದವು.
ಕ್ಯಾಂಪಿಗೆ ಆ ಸುದ್ದಿ ಮುಟ್ಟಿದಂತೆ ಕಾಣಲಿಲ್ಲ.
ಎರೆಹೊಲದ ನಡುವೆ ಸಾಲು ಗುಡಿಸಲು;
ನೀರೆತ್ತುವ ಎಂಜಿನ್ನು ಟಪಟಪ ಎಂದರೆ ಸಾಕು
ಮಕ್ಕಳೆಲ್ಲ ಹೊರಸಿನ ಕೆಳಗೆ.

ಅವರ ಬಂಗಾಳಿ ನಮಗೆ ಬಾರದು, ನಮ್ಮ ಮಾತು ಅವರಿಗೆ.
ಚಿಕ್ಕವ್ವ ಪುಸ್ತಕ ತೆರೆದು ಎರಡು ಸಾಲು ಓದಿದಳು.
ಎದುರಿಗೆ ಕೂತವಳು ಪರಪರ ತಲೆ ಕೆರೆದುಕೊಂಡಳು.
ಪುಸ್ತಕ ಮುಚ್ಚಿ ಚಿಕ್ಕವ್ವ ನನ್ನ ಕಡೆ ತಿರುಗಿ
‘ಮೊದ್ಲು ಹೇನು’ ಅಂದಳು.

ಶೆಫಾಲಿ ಎಂಬಾಕೆ ಮಾತ್ರ
ಕೂದಲಿಗೆ ಬೆರಳು ತಾಗಿದೊಡನೆ ಕಿರುಚಿದಳು.
ಯಾರೋ ಆ ಜಡೆ ಹಿಡಿದು ಎಳೆದಿದ್ದರು,
ಯಾವ ಊರಲ್ಲಿ, ಯಾವ ಅಂಗಳದಿಂದ ಎಲ್ಲಿಗೆ,
ನಾವು ಕೇಳಲಿಲ್ಲ; ಕೇಳುವ ಭಾಷೆಯೂ ಇರಲಿಲ್ಲ.
ಚಿಕ್ಕವ್ವ ಕೈ ಹಿಂದೆಗೆದಳು.
ಸ್ವಲ್ಪ ಹೊತ್ತು ಸುಮ್ಮನೆ ಕೂತು
ತನ್ನ ತಲೆಯ ಮುಸುಕು ಬಿಚ್ಚಿದಳು.
ಮೋಟು ಕೂದಲು, ನಡುನಡುವೆ ನರೆ,
ನಾನೇ ಅದನ್ನು ಅಂದು ಮೊದಲು ನೋಡಿದ್ದು.
ಬಾಚಣಿಗೆಯನ್ನು ಶೆಫಾಲಿಯ ಮಡಿಲಲ್ಲಿಟ್ಟು
ಅವಳಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು.

ನೆರಳು ಗುಡಿಸಲಿನ ಬಾಗಿಲು ದಾಟುವತನಕ
ಏನೂ ಆಗಲಿಲ್ಲ.
ಆಮೇಲೆ ಬಾಚಣಿಗೆ, ಒಂದು ಸಲ, ಮತ್ತೊಂದು ಸಲ.
ಆಮೇಲೆ ಶೆಫಾಲಿ ಉಗುರ ತುದಿಯಲ್ಲಿ ಏನನ್ನೋ ಹಿಡಿದು
ಬಿಸಿಲಿಗೆ ಎತ್ತಿ ಎಲ್ಲರಿಗೂ ತೋರಿಸಿದಳು:
ಸಿಸ್ಟರ ತಲೆಯಲ್ಲೇ ಹೇನು!
ಕ್ಯಾಂಪಿನ ಹೆಂಗಸರು ನಕ್ಕದ್ದು ನಾನು ಕೇಳಿದ್ದು ಅಂದೇ.

ನಿತಾಯ್ ಅಂತ ಒಬ್ಬ ಹುಡುಗನಿದ್ದ, ಅವನ ಕಥೆ ಇಷ್ಟೇ:
ದಿನಾ ಅವನನ್ನು ಎಂಜಿನ್ನಿನ ಕಡೆ ಹತ್ತು ಹೆಜ್ಜೆ ಕರೆದೊಯ್ಯುತ್ತಿದ್ದಳು,
ದಿನಾ ಅವನು ಕೈ ಬಿಡಿಸಿಕೊಂಡು ಓಡುತ್ತಿದ್ದ.
ಒಂದು ದಿನ ಓಡಲಿಲ್ಲ. ಹೆಂಟೆ ತಗೊಂಡು ಅದಕ್ಕೆ ಬೀಸಿದ.
ಚಿಕ್ಕವ್ವ ಬಗ್ಗಿ, ಇನ್ನೂ ದೊಡ್ಡ ಹೆಂಟೆ ಆರಿಸಿ ಕೊಟ್ಟಳು.

ಊರಿನವರು ಬಂದರು, ಮುಂದೆ ಗೌಡರು.
‘ಏನ್ರಿ ಅಮ್ಮಾ, ಇವರ ತಲಿಗೆ ನೀರು ಹಾಕಿ
ನಿಮ್ಮ ಜಾತಿಗೆ ಸೇರಿಸ್ತೀರಂತಲ್ರಿ?’
‘ನೀರು ಹಾಕೀನಿ ಖರೆ. ಸೀಗಿಪುಡಿ ಹಚ್ಚಿ.’

ಮುದಗಲ್ಲಿನಲ್ಲಿ ಮಠದ ಹಿರಿಯಮ್ಮ ಲೆಕ್ಕದ ಪುಸ್ತಕ ತೆರೆದು
ಜ್ಞಾನಸ್ನಾನ ಎಷ್ಟು ಅಂತ ಕೇಳಿದರು.
ಸ್ನಾನ ನೂರಾ ಹನ್ನೆರಡು, ಅಂದಳು ಚಿಕ್ಕವ್ವ,
ಜ್ಞಾನದ್ದು ನನಗೆ ಗೊತ್ತಾಗಿಲ್ಲ ತಾಯಿ.
ಆ ರಾತ್ರಿ ಅವಳು ಗುಡಿಯಲ್ಲಿ ಬಹಳ ಹೊತ್ತು ಮೊಣಕಾಲೂರಿದ್ದಳು.
ಬೈಸಿಕೊಂಡದ್ದಕ್ಕೋ, ಬೇರೆ ಯಾವುದಕ್ಕೋ.
ನನಗೆ ನಿದ್ದೆ ಬಂತು.

ಬೇಸಿಗೆ ಕಳೆದು, ಮೋಡ ಬರಿದೇ ಬಂದು ಹೋಗುತ್ತಿದ್ದಾಗ
ಒಂದು ಶನಿವಾರ ಶೆಫಾಲಿ ತಾನಾಗಿ ಬಂದಳು.
ಕಲ್ಲಿನ ಮೇಲೆ ಕೂತಳು. ಜಡೆ ತಾನೇ ಬಿಚ್ಚಿದಳು.
ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಕೈಯಲ್ಲಿ ಕಲ್ಲಿನ ಅಂಚು ಹಿಡಿದು
ಏನೋ ಅಂದಳು: ‘ಜೊಲ್.’

‘ಏನಂತಾಳಬೇ?’
‘ಜಲ ಅಂತಾಳ, ಚಿಕ್ಕವ್ವ.’
‘ಹಂಗಾರ ಹಾಕು. ಸಾವಕಾಶ ಹಾಕು.’

ತಂಬಿಗೆ ಬಗ್ಗಿಸಿದೆ.
ಕಾಲುವೆಯ ನೀರು, ಸ್ವಲ್ಪ ರಾಡಿ,
ಬೆಳಗಿನಿಂದ ಬಿಸಿಲಿಗಿಟ್ಟು ಬೆಚ್ಚಗಾಗಿತ್ತು.